ಪುಟ್ಟಮಲ್ಲಮ್ಮ ಕೊಳೆ ಬೇಡಿದ್ದು

ದೊಡ್ಡಗಾಜನೂರಿನ ಪುಟ್ಟಮಲ್ಲಮ್ಮನ ಮನೆಗೆ ಹೋದವರು ಕೂರುವ ಮೊದಲು ಒಂದು ಸಲ ಹಿಂದಕ್ಕೆ ತಿರುಗಿ ನೋಡಿಕೊಳ್ಳುತ್ತಾರೆ. ಕೂರುವ ಜಾಗ ಕೊಳೆಯಾಗಿದೆಯೇನೋ ಎಂದಲ್ಲ, ತಮ್ಮಿಂದ ಅದು ಕೊಳೆಯಾದೀತೇನೋ ಎಂದು. ಆಕೆಯ ಹಿತ್ತಾಳೆ ಚೊಂಬಿನಲ್ಲಿ ಮುಖ ನೋಡಿಕೊಂಡು ಗಂಡಸರು ಮೀಸೆ ತೀಡಬಹುದು. ಬೂದಿ, ಹುಣಸೆಹಣ್ಣು, ಸೀಗೆಪುಡಿ, ಸೋಪಿನ ಪುಡಿ ಇಷ್ಟು ಕೈಗೆ ಕೊಟ್ಟರೆ ಕಾಗೆಯನ್ನೂ ಬೆಳ್ಳಗೆ ಮಾಡಿ ಕಳಿಸುವ ಹೆಂಗಸು. ಗಂಡ ಬಸವಯ್ಯ ಹೊಲದಿಂದ ಬಂದರೆ ಹಿತ್ತಿಲಲ್ಲಿ ಕಾಲು ತೊಳೆಯಬೇಕು, ಆಕೆ ಬಂದು ನೋಡಬೇಕು, ನೋಡಿದ ಮೇಲೆ ಇನ್ನೊಂದು ಸಲ ತೊಳೆಯಬೇಕು.

"ಮದ್ವೆ ಆದಾಗ ನಾನು ಇನ್ನೂ ಎರಡಿಂಚು ಉದ್ದ ಇದ್ದೆ ಕಣಪ್ಪ. ಪಾದ ಸವ್ದೋಗದೆ," ಎಂದು ಬಸವಯ್ಯ ಜಗಲಿಯಲ್ಲಿ ಕೂತು ಹೋಗಿಬರುವವರಿಗೆಲ್ಲ ಹೇಳುತ್ತಿದ್ದ.

ಇಂಥವಳ ಮನೆಗೆ ಸೊಸೆಯಾಗಿ ಬಂದವಳು ಪಣಕಹಳ್ಳಿಯ ಪದ್ಮಶ್ರೀ. ಪುಟ್ಟಮಲ್ಲಮ್ಮ ಕೆಟ್ಟ ಅತ್ತೆಯಲ್ಲ, ಅದನ್ನು ಮೊದಲೇ ಹೇಳಿಬಿಡಬೇಕು. ಸೊಸೆಯ ಮೇಲೆ ಒಂದು ದಿನವೂ ದನಿ ಎತ್ತಿದವಳಲ್ಲ, ಕೊಂಕು ಆಡಿದವಳಲ್ಲ. ಸೊಸೆ ತೊಳೆದಿಟ್ಟ ಪಾತ್ರೆಯನ್ನು, ಅವಳು ಅತ್ತ ತಿರುಗಿದ ಮೇಲೆ, ಸದ್ದಿಲ್ಲದೆ ಇನ್ನೊಂದು ಸಲ ತೊಳೆಯುತ್ತಿದ್ದಳು, ಅಷ್ಟೆ. ಸೊಸೆ ಒಗೆದು ಹಾಕಿದ ಬಟ್ಟೆಯನ್ನು ತಂತಿಯಿಂದ ಇಳಿಸಿ ಇನ್ನೊಂದು ಸಲ ಜಾಲಿಸುತ್ತಿದ್ದಳು. ಸದ್ದಿಲ್ಲದೆ ಎಂದು ಆಕೆ ಅಂದುಕೊಂಡಿದ್ದು. ಸ್ಟೀಲು ತಟ್ಟೆ ಸದ್ದಿಲ್ಲದೆ ತೊಳೆಸಿಕೊಳ್ಳುವ ವಸ್ತುವೇ? ಪದ್ಮಶ್ರೀ ಕೋಣೆಯೊಳಗೆ ಕೂತು ಆ ಸದ್ದು ಕೇಳಿಸಿಕೊಳ್ಳುತ್ತಿದ್ದಳು, ಏನೂ ಹೇಳುತ್ತಿರಲಿಲ್ಲ. ಗಂಡ ಸೋಮಶೇಖರ್ ಗೂಡ್ಸ್ ಆಟೋದಲ್ಲಿ ತರಕಾರಿ ಹೇರಿಕೊಂಡು ಘಾಟಿ ಇಳಿದರೆ ಮನೆ ಸೇರುವಷ್ಟರಲ್ಲಿ ತಟ್ಟೆಗಳೆಲ್ಲ ಒಣಗಿರುತ್ತಿದ್ದವು, ಅವನಿಗೆ ಯಾವುದೂ ಗೊತ್ತಿರಲಿಲ್ಲ.

ಬೇರೆ ಹೆಣ್ಣುಮಕ್ಕಳು ಗಂಡನ ಮನೆಗೆ ಬೀರು ತರುತ್ತಾರೆ, ಮಂಚ ತರುತ್ತಾರೆ. ಪದ್ಮಶ್ರೀ ತಂದದ್ದು ನಾಲ್ಕಡಿ ಉದ್ದದ ಗಾಜಿನ ತೊಟ್ಟಿ. ಸತ್ಯಮಂಗಲದಲ್ಲಿ ಕಾಲೇಜು ಓದುವಾಗ ಹತ್ತಿದ ಹುಚ್ಚು. ಅದರೊಳಗೆ ಐದು ಡಿಸ್ಕಸ್ ಮೀನು. ಅಂಗೈ ಅಗಲ, ರೊಟ್ಟಿಯ ಹಾಗೆ ದುಂಡಗೆ, ಚಪ್ಪಟೆ, ಒಂದಕ್ಕಿಂತ ಒಂದು ಬಣ್ಣ. ಕೊರಳಲ್ಲಿ ಲಿಂಗ ಕಟ್ಟಿದವರ ಮನೆ, ಮೀನು ಎಂಬ ಶಬ್ದ ಮಾತಿಗೂ ಬಾರದ ಮನೆ. ನಡುಮನೆಯಲ್ಲಿ ಮೀನು ಬಂದು ಕೂತಾಗ ಬಸವಯ್ಯ ಒಂದು ವಾರ ಗೋಡೆಗೆ ಮುಖ ಮಾಡಿ ಉಂಡ.

"ಇವು ಏನ್ ತಿಂತವೆ?" ಎಂದು ಪುಟ್ಟಮಲ್ಲಮ್ಮ ವಿಚಾರಣೆ ಮಾಡಿದಳು.

"ಕಾಳು ಅತ್ತೆ," ಎಂದು ಪದ್ಮಶ್ರೀ ಡಬ್ಬಿ ತೋರಿಸಿದಳು. ಆ ಕಾಳನ್ನು ಏನರೆದು ಮಾಡುತ್ತಾರೆ ಎಂದು ಅತ್ತೆ ಕೇಳಲಿಲ್ಲ, ಸೊಸೆ ಹೇಳಲಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಕೊಡುವುದು ಸೊಸೆಯಾದವಳ ಲಕ್ಷಣವೂ ಅಲ್ಲ.

ಪುಟ್ಟಮಲ್ಲಮ್ಮ ಬಗ್ಗಿ ನೋಡಿದಳು. ಮೀನುಗಳ ಮೈಮೇಲೆ ಮೇಲಿಂದ ಕೆಳಕ್ಕೆ ಪಟ್ಟೆ. "ಕಾಳು ತಿನ್ನೋವು, ಸರಿ. ಆದ್ರೆ ನಮ್ಮ ಪೈಕಿ ಅಲ್ಲ ಕಣಮ್ಮಿ. ಉದ್ದ ನಾಮ ಎಳ್ಕಂಡವೆ," ಎಂದು, ಗಾಜಿನ ಮೇಲೆ ಮೂರು ಬೆರಳಿಂದ ಅಡ್ಡ ವಿಭೂತಿ ಎಳೆದು ಮೀನುಗಳನ್ನು ಮನೆಗೆ ಸೇರಿಸಿಕೊಂಡಳು.

ಆಮೇಲೆ ಆಕೆಗೆ ಅವು ಹಿಡಿಸಿಬಿಟ್ಟವು. ಕಾರಣ, ಪದ್ಮಶ್ರೀ ದಿನಾ ಬೆಳಿಗ್ಗೆ ಒಂದು ಪೈಪು ಇಳಿಬಿಟ್ಟು ತೊಟ್ಟಿಯ ಮೂರರಲ್ಲೊಂದು ಪಾಲು ನೀರು ತೆಗೆದು ಹೊಸ ನೀರು ತುಂಬುತ್ತಿದ್ದಳು. ಬೇರೆ ಮೀನು ಹೇಗೋ ಬದುಕಿಕೊಳ್ಳುತ್ತವೆ, ಡಿಸ್ಕಸ್ಸಿಗೆ ಮಾತ್ರ ನೀರು ಬದಲಾಯಿಸುತ್ತಲೇ ಇರಬೇಕು. "ದಿನಾ ನೀರು ಕೇಳೋವು. ಮಡಿವಂತ್ರು ಕಣ!" ಎಂದು ಪುಟ್ಟಮಲ್ಲಮ್ಮ ಬೀದಿಗೆಲ್ಲ ಹೇಳಿದಳು. ನೀರಿನೊಳಗೆ ಕೈ ಹಾಕಲು ಮಾತ್ರ ಆಕೆಗೆ ಭಯ. ಹಾಗಾಗಿ ಇಡೀ ಮನೆಯಲ್ಲಿ ಪದ್ಮಶ್ರೀ ಒಂದು ಸಲ ತೊಳೆದರೆ ಅದೇ ಕೊನೆ ಎನ್ನುವಂಥದ್ದು ಆ ತೊಟ್ಟಿಯೊಂದೇ ಆಯಿತು.

ಶಿವರಾತ್ರಿ ಹತ್ತಿರ ಬಂದಾಗ ಪದ್ಮಶ್ರೀಯ ತಾಯಿಗೆ ಕಣ್ಣಿನ ಪೊರೆ ತೆಗೆಸಬೇಕಾಯಿತು. ಪಣಕಹಳ್ಳಿಗೆ ಹೊರಡುವಾಗ ಅವಳು ಅತ್ತೆಯನ್ನು ತೊಟ್ಟಿಯ ಮುಂದೆ ನಿಲ್ಲಿಸಿಕೊಂಡಳು.

"ದಿನಾ ನೀರು ಬದ್ಲಾಯಿಸಿ ಅತ್ತೆ. ನಲ್ಲಿ ನೀರು ನೇರ ಬುಡಬೇಡಿ, ಬ್ಲೀಚಿಂಗ್ ಪೌಡರ್ ಇರ್ತದೆ. ಡ್ರಮ್ಮಲ್ಲಿ ಒಂದಿನ ನಿಂತ ನೀರೇ ಆಗ್ಬೇಕು. ಕಾಳು ಒಂದು ಚಿಟಿಕೆ. ಆ ಮೂಲೇಲಿ ಗುಳ್ಳೆ ಬತ್ತದಲ್ಲ, ಆ ಸ್ಪಂಜು ಮಾತ್ರ ಬುಟ್ಬುಡಿ. ನಾ ಬಂದ್ಮೇಲೆ ನೋಡ್ಕತೀನಿ."

ಎಡವಟ್ಟಾದದ್ದು ಇಲ್ಲೇ. ನಮ್ಮ ಕಡೆ ಸೊಸೆಯಾದವಳು ಅತ್ತೆಗೆ "ನೀವು ಬುಡಿ, ನಾ ನೋಡ್ಕತೀನಿ" ಎಂದರೆ ಅದಕ್ಕೆ ಅರ್ಥ, ನೀವು ಮಾಡಿದರೆ ಉಪಕಾರವಾಗುತ್ತದೆ ಎಂದು. ರಾಗಿ ಬೀಸುವುದಿರಲಿ, ಕೊಟ್ಟಿಗೆ ಬಳಿಯುವುದಿರಲಿ, ಬಾಯಿಬಿಟ್ಟು ಮಾಡಿಕೊಡಿ ಎನ್ನುವುದು ಮರ್ಯಾದೆಯಲ್ಲ. ಪುಟ್ಟಮಲ್ಲಮ್ಮ ತಾನು ಸೊಸೆಯಾಗಿದ್ದ ಕಾಲದಲ್ಲಿ ತನ್ನ ಅತ್ತೆಗೆ ಸಾವಿರ ಸಲ ಹೀಗೆಯೇ ಹೇಳಿ ಕೆಲಸ ಮಾಡಿಸಿಕೊಂಡವಳು. ಪಾಪ, ಮಗುವಿಗೆ ಹೇಳಿಕೊಳ್ಳಲು ಸಂಕೋಚ ಎಂದುಕೊಂಡಳು.

ಹಬ್ಬದ ಹಿಂದಿನ ದಿನ ಮನೆಯೆಲ್ಲ ತೊಳೆದಾಯಿತು. ತೊಲೆ ತೊಳೆದಾಯಿತು, ಬಾಗಿಲು, ಬಾಗಿಲ ಚಿಲಕ, ಗೋಡೆಯ ಮೇಲಿನ ಹಿರಿಯರ ಫೋಟೊ, ಎಮ್ಮೆ, ಕರು. ಉಳಿದದ್ದು ಆ ಸ್ಪಂಜು. ಒಂದು ಗಾಳಿಮೋಟಾರು ಅದರೊಳಗಿಂದ ಗುಳ್ಳೆ ಎಬ್ಬಿಸುತ್ತಿತ್ತು, ನೀರು ಅದರ ಮೂಲಕ ಹಾಯುತ್ತಿತ್ತು. ಕಂದು ಬಣ್ಣ, ಲೋಳೆ ಲೋಳೆ. ಕೊಳೆಯೆಲ್ಲ ತನ್ನಲ್ಲೇ ಇದೆ ಎಂದು ತೋರಿಸಿಕೊಂಡು ಕೂತಿತ್ತು. ಪುಟ್ಟಮಲ್ಲಮ್ಮ ದೇವರನ್ನು ನೆನೆದು ನೀರಿಗೆ ಕೈ ಹಾಕಿ ಅದನ್ನು ಎಳೆದುಕೊಂಡಳು.

ಬಚ್ಚಲ ಹಂಡೆಯ ಕುದಿವ ನೀರಿನಲ್ಲಿ ಅದ್ದಿದಳು, ಸೋಪಿನ ಪುಡಿ ಹಾಕಿ ತಿಕ್ಕಿದಳು, ಕಲ್ಲಿನ ಮೇಲೆ ಬಡಿದಳು, ಹಿಂಡಿದಳು, ಏಳು ನೀರು ಜಾಲಿಸಿದಳು, ಬಿಸಿಲಲ್ಲಿ ತಂತಿಗೆ ಹಾಕಿ ಗರಿಗರಿ ಒಣಗಿಸಿದಳು. ಅಂಗಡಿಯಿಂದ ಈಗ ತಂದ ಹಾಗಾಯಿತು. ತಿರುಗಿ ಇಟ್ಟು, ಕೈ ಒರೆಸಿಕೊಂಡು, ಸೊಸೆ ಬಂದು ನೋಡಿ ಸಂತೋಷಪಡುವುದನ್ನು ನೆನೆದು ತಾನೇ ಮುಂಚಿತವಾಗಿ ಸಂತೋಷಪಟ್ಟಳು. ಮಾರನೆಯ ದಿನ ತನಗೆ ಉಪವಾಸ, ಬಾಯಿಲ್ಲದ ಜೀವಕ್ಕೆ ಯಾಕೆ ಉಪವಾಸ ಎಂದು ಒಂದು ಚಿಟಿಕೆಯ ಜಾಗದಲ್ಲಿ ಒಂದು ಹಿಡಿ ಕಾಳು ಹಾಕಿದಳು.

ಹಬ್ಬ ಕಳೆದ ಎರಡನೆಯ ದಿನ ತೊಟ್ಟಿಯ ನೀರು ಬೆಳ್ಳಗಾಗಿತ್ತು.

"ಏನಮ್ಮಿ, ಮೀನಿಗೂ ಆಲಿನ ಅಭಿಷೇಕ ಮಾಡ್ಬುಟ್ಯಾ?" ಎಂದ ಬಸವಯ್ಯ.

ಪುಟ್ಟಮಲ್ಲಮ್ಮ ನಗಲಿಲ್ಲ. ಐದು ಮೀನೂ ಮೂಲೆಯಲ್ಲಿ ಒತ್ತಿಕೊಂಡು ನಿಂತಿದ್ದವು. ಬಣ್ಣ ಹೋಗಿ ಮೈ ಕಪ್ಪಿಟ್ಟಿತ್ತು, ಉದ್ದ ನಾಮಗಳು ಇದ್ದಿಲಲ್ಲಿ ಎಳೆದ ಹಾಗೆ ಎದ್ದಿದ್ದವು. ಬಾಯಿ ಮೇಲಕ್ಕೆ ಮಾಡಿ ಉಸಿರಿಗೆ ಒದ್ದಾಡುತ್ತಿದ್ದವು. ಆಕೆ ನೀರು ಬದಲಾಯಿಸಿದಳು. ಸಂಜೆಗೆ ಮತ್ತೆ ಬೆಳ್ಳಗೆ. ಮರುದಿನ ಬೆಳಿಗ್ಗೆ ಒಂದು ಮೀನು ಮಗ್ಗುಲಾಗಿ ತೇಲುತ್ತಿತ್ತು. ಅದನ್ನು ಬಾಳೆಲೆಯಲ್ಲಿಟ್ಟು, ಅದು ನಾಮದವನಾದರೂ ಸರಿ ಎಂದು ಹಣೆಗೆ ಅಡ್ಡ ವಿಭೂತಿ ಹಚ್ಚಿ, ಕರಿಬೇವಿನ ಗಿಡದ ಬುಡದಲ್ಲಿ ಮಣ್ಣು ಮಾಡಿದಳು. ಬಸವಯ್ಯ ಈ ಸಲ ತಮಾಷೆ ಬಿಟ್ಟು ಗುಂಡಿ ತೋಡಿಕೊಟ್ಟ.

ಮಣ್ಣು ಮುಚ್ಚುವಾಗ ಆಕೆಗೆ ಹೊಳೆಯಿತು. ಈ ಮನೆಯಲ್ಲಿ ಆ ಹುಡುಗಿಯದು ಎನ್ನುವುದು ಇದೊಂದೇ ಇತ್ತು. ಅದಕ್ಕೂ ನಾನು ಕೈ ಹಾಕಿದೆ. ಉಳಿದ ನಾಲ್ಕೂ ಹೋದರೆ ಅವಳು ಬಂದು ಖಾಲಿ ತೊಟ್ಟಿ ನೋಡುತ್ತಾಳೆ, ಯಾವತ್ತಿನ ಹಾಗೆ ಏನೂ ಅನ್ನದೆ ಕೋಣೆಗೆ ಹೋಗುತ್ತಾಳೆ. ಆ ಏನೂ ಅನ್ನದಿರುವುದನ್ನು ನೆನೆದು ಪುಟ್ಟಮಲ್ಲಮ್ಮನಿಗೆ ಭಯವಾಯಿತು.

ಮಧ್ಯಾಹ್ನದವರೆಗೆ ಹಿಂದೆಮುಂದೆ ನೋಡಿ, ಕೊನೆಗೆ ಹಿತ್ತಿಲಿಗೆ ಹೋಗಿ ಫೋನು ಮಾಡಿದಳು. ತಾಯಿಯ ಕಣ್ಣು, ಔಷಧಿ, ಕಪ್ಪು ಕನ್ನಡಕ ಎಲ್ಲ ವಿಚಾರಿಸಿ ಕೊನೆಗೆ ಕೇಳಿದಳು. "ಪದ್ಮ, ಮೀನು ಕಪ್ಪಗಾಗಿ ಮೂಲೆ ಸೇರಿದ್ರೆ ಏನರ್ಥ?"

"ಯಾರ ಮೀನು ಅತ್ತೆ?"

"ನಮ್ದಲ್ಲ. ನಮ್ಮವು ಚೆನ್ನಾಗವೆ. ಪಕ್ಕದ ಮನೆ ಶಿವನಂಜಮ್ಮಂದು."

ಶಿವನಂಜಮ್ಮನ ಮನೆಯಲ್ಲಿ ಮೀನಿರಲಿ, ಒಂದು ಬೆಕ್ಕು ಕೂಡ ಇರಲಿಲ್ಲ.

"ಓ. ಶಿವನಂಜಮ್ಮನೋರು ಸ್ಪಂಜು ತೊಳದ್ರಾ ಅತ್ತೆ?"

"ತೊಳದ್ಲಂತೆ."

"ಬಿಸಿನೀರಲ್ಲಾ?"

"ಬಿಸಿ ಅಂದ್ರೆ... ಕುದೀತಿತ್ತಂತೆ."

"ಸೋಪು ಆಕುದ್ರಾ?"

"ಒಸಿ."

"ಬಿಸ್ಲಿಗೆ ಒಣಗ್ಸಿದ್ರಾ?"

"ಅವ್ಳು ಮಾಡೋದನ್ನ ಅರೆಬರೆ ಮಾಡಾಕಿಲ್ಲ ಕಣಮ್ಮಿ!" ಎಂದಳು ಪುಟ್ಟಮಲ್ಲಮ್ಮ, ಆ ಅವಸ್ಥೆಯಲ್ಲೂ ಸ್ವಲ್ಪ ಹೆಮ್ಮೆಯಿಂದ.

ಪದ್ಮಶ್ರೀ ಉಸಿರು ಬಿಟ್ಟಳು. "ಶಿವನಂಜಮ್ಮನೋರಿಗೆ ಏಳಿ ಅತ್ತೆ. ಮೀನಿನ ಒಲಸಿಂದ ನೀರಲ್ಲಿ ಅಮೋನಿಯಾ ಅನ್ನೋ ವಿಷ ಆಯ್ತದೆ. ಆ ಸ್ಪಂಜಲ್ಲಿ ಬ್ಯಾಕ್ಟೀರಿಯಾ ಮನೆ ಮಾಡ್ಕಂಡು ಆ ವಿಷಾನ ಅರಗಿಸ್ತವೆ. ಅದು ಕೊಳೆ ಅಲ್ಲ, ಎಪ್ಪು. ಮೊಸರಿಗೆ ಎಪ್ಪು ಇದ್ದಂಗೆ. ಅದ ಕುದಿಯೋ ನೀರಲ್ಲಿ ತೊಳದ್ರೆ ಏನ್ ಉಳೀತದೆ?"

ಹೆಪ್ಪು ಎಂದ ಕೂಡಲೇ ಪುಟ್ಟಮಲ್ಲಮ್ಮನಿಗೆ ಎಲ್ಲವೂ ತಿಳಿಯಿತು. ಮೊಸರಿನ ಹೆಪ್ಪನ್ನು ಕುದಿಸಿ ಸೋಪು ಹಾಕಿ ತಿಕ್ಕುವ ಹೆಂಗಸನ್ನು ಕಂಡರೆ ಆಕೆಯೇ ಹುಚ್ಚಿ ಎನ್ನುತ್ತಿದ್ದಳು.

"ಈಗೇನ್ ಮಾಡ್ಬೇಕು... ಅವ್ಳು?"

"ಕಾಳು ನಿಲ್ಸಬೇಕು. ದಿನಾ ಅರ್ಧ ನೀರು ಬದ್ಲಾಯಿಸ್ಬೇಕು. ಎಪ್ಪು ಓದ್ರೆ ಏನ್ ಮಾಡ್ತೀವಿ? ಯಾರ ಮನೇಲಿ ಇದ್ದದೋ ಓಗಿ ಕೇಳ್ತೀವಿ. ತುಂಬಾ ದಿನದಿಂದ ನಡೀತಿರೋ ತೊಟ್ಟಿ, ಮೀನು ಗಟ್ಟಿಯಾಗಿರೋದು, ಅದ್ರ ಸ್ಪಂಜು ಬೇಕು. ಅದೇ ನೀರಲ್ಲಿ ಮುಳುಗ್ಸಿ ತರ್ಬೇಕು, ಒಣಗ್ಬಾರ್ದು." ಕೊನೆಗೆ ಅವಳು ಸೇರಿಸಿದಳು. "ನಂಗೆ ಗೊತ್ತಿರೋ ಆಗೆ ತಾಳವಾಡೀಲಿ ಅಂಥ ತೊಟ್ಟಿ ಒಂದೇ ಅದೆ ಅತ್ತೆ. ಬಸ್ ಸ್ಟ್ಯಾಂಡ್ ತಾವು. ಮುರುಗೇಶಣ್ಣನ ಬಿರಿಯಾನಿ ಅಂಗ್ಡೀಲಿ."

ಪುಟ್ಟಮಲ್ಲಮ್ಮ ಫೋನು ಇಟ್ಟು ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟಳು.

ಆ ಅಂಗಡಿಯ ಮುಂದೆ ಹಾಯಬೇಕಾದರೆ ಆಕೆ ಸೆರಗು ಮೂಗಿಗೆ ಹಿಡಿದು ರಸ್ತೆಯ ಆ ಬದಿಗೆ ದಾಟುತ್ತಿದ್ದವಳು. ಒಂದು ಸಲ ಮೂಳೆ ರಸ್ತೆಗೆ ಬಿಸಾಡಿದನೆಂದು ಮುರುಗೇಶನನ್ನು ಬಸ್ಸಿನ ಕಿಟಕಿಯಿಂದಲೇ ತರಾಟೆಗೆ ತೆಗೆದುಕೊಂಡಿದ್ದಳು, ಡ್ರೈವರ್ ಬಸ್ಸು ನಿಲ್ಲಿಸಿಕೊಂಡು ಪೂರ್ತಿ ಕೇಳಿದ್ದ. ಈಗ ಅವನ ಹತ್ತಿರ ಕೊಳೆ ಬೇಡಬೇಕು. ಹೋಗದಿದ್ದರೆ ನಾಲ್ಕು ಮೀನು. ಆಕೆ ಮುಚ್ಚಳವಿದ್ದ ಹಾಲಿನ ಕ್ಯಾನು ಹುಡುಕಿ, ಅಭ್ಯಾಸದಿಂದ ಎರಡು ಸಲ ತೊಳೆದು, ಸೋಪು ಉಳಿದಿದ್ದರೆ ಎಂದು ಹೆದರಿ ಬರೀ ನೀರಲ್ಲಿ ಇನ್ನೊಂದು ಸಲ ತೊಳೆದು ಹೊರಟಳು.

ಬಸ್ಸು ತಡವಾಗಿ ಬಂತು. ಹೊತ್ತು ಇಳಿಯುತ್ತಿತ್ತು, ಆಕೆಗೆ ಅದೇ ಚಿಂತೆ. ದೀಪ ಹಚ್ಚಿದ ಮೇಲೆ ಯಾವ ಮನೆಯಲ್ಲೂ ಹೆಪ್ಪು ಕೊಡುವುದಿಲ್ಲ, ಕೇಳುವುದೂ ಇಲ್ಲ.

ಆಕೆ ಅಂಗಡಿಯ ಮೆಟ್ಟಿಲು ಹತ್ತಿದ್ದನ್ನು ಕಂಡು ಮುರುಗೇಶನ ಕೈಯ ಸೌಟು ಜಾರಿತು. ಊಟ ಮಾಡುತ್ತಿದ್ದವರಲ್ಲಿ ಆಕೆಯ ಗುರುತಿದ್ದ ಇಬ್ಬರು ತಟ್ಟೆಯ ಮೇಲೆ ಎಲೆ ಮುಚ್ಚಿಕೊಂಡರು. ಗಲ್ಲಾದ ಪಕ್ಕದಲ್ಲೇ ತೊಟ್ಟಿ. ಪಾಚಿ ಹಸಿರು, ಒಳಗೆ ಬದನೆಕಾಯಿಯಷ್ಟು ದಪ್ಪದ ಎರಡು ಚಿನ್ನದ ಬಣ್ಣದ ಮೀನು, ಮೂಲೆಯಲ್ಲಿ ಕರಿ ಲೋಳೆಯ ಒಂದು ಸ್ಪಂಜು. ಮುರುಗೇಶ ಆಕೆಯ ಕಣ್ಣು ಎಲ್ಲಿ ನೆಟ್ಟಿದೆ ಎಂದು ನೋಡಿದ. ನೋಡಿದವನೇ ಬಟ್ಟೆ ತೆಗೆದುಕೊಂಡು ತೊಟ್ಟಿಯ ಕಡೆ ನುಗ್ಗಿದ.

"ಈಗ್ಲೇ ತೊಳೀತೀನಿ ಅವ್ವಾ! ನಾಳೆ ತೊಳ್ಯಾನ ಅಂತಿದ್ದೆ! ಒಂದ್ನಿಮ್ಸ!"

"ತೊಳೀಬ್ಯಾಡ ಕಣ್ಲಾ!" ಎಂದು ಪುಟ್ಟಮಲ್ಲಮ್ಮ ಕಿರುಚಿದಳು.

ಹುಟ್ಟಿದಾಗಿನಿಂದ ಆಕೆಯ ಬಾಯಲ್ಲಿ ಬಾರದಿದ್ದ ಮಾತು. ಆಕೆ ಕ್ಯಾನು ಮುಂದೆ ಚಾಚಿದಳು. "ಆ ಕೊಳೆ ಬೇಕು ಕಣಪ್ಪ ಮುರುಗೇಸ. ನನ್ ಸೊಸೆ ಮೀನು ಸಾಯ್ತಾ ಅವೆ. ನಾನೇ ತೊಳ್ದು ಸಾಯಿಸ್ತಾ ಇವ್ನಿ. ಎಪ್ಪು ಅಂತ ತಿಳ್ಕಂಡು ಕೊಡು." ಶಿವನಂಜಮ್ಮನ ಹೆಸರು ಆಕೆಗೆ ನೆನಪಾಗಲೇ ಇಲ್ಲ.

ಮುರುಗೇಶ ಬಟ್ಟೆ ಕೆಳಗಿಟ್ಟ. ಕೆಲಸದವನು ಅಷ್ಟರಲ್ಲಿ ಟ್ಯೂಬ್‌ಲೈಟಿನ ಸ್ವಿಚ್ಚಿಗೆ ಕೈ ಹಾಕಿದ್ದ.

"ಏಯ್, ಆಕಬ್ಯಾಡ! ಎಪ್ಪು ಕೊಡ್ತಾ ಇವ್ನಿ," ಎಂದ ಮುರುಗೇಶ.

"ಅಣ್ಣಾ, ಮೂಳೆ ಯಾವ್ದು ಅನ್ನ ಯಾವ್ದು ಕಾಣ್ತಿಲ್ಲ," ಎಂದ ಒಬ್ಬ ಗಿರಾಕಿ ಕತ್ತಲಿಂದ.

"ಒಸಿ ತಡಕ್ಕೊಂಡು ತಿನ್ನಪ್ಪ! ದೀಪ ಅಚ್ಚಿ ಎಪ್ಪು ಕೊಟ್ರೆ ಅವರ್ಗೂ ಆಗಾಕಿಲ್ಲ, ನಂಗೂ ಆಗಾಕಿಲ್ಲ." ಮುರುಗೇಶ ತೋಳು ಮಡಿಚಿ, ತಡಕಾಡಿ, ಸ್ಪಂಜಿನ ಅರ್ಧ ಕತ್ತರಿಸಿ ತೊಟ್ಟಿಯ ನೀರಿನ ಸಮೇತ ಕ್ಯಾನಿಗೆ ಇಳಿಸಿದ. "ಇನ್ನರ್ಧ ನನ್ ಮೀನಿಗೆ ಇರ್ಲಿ. ಓಗವ್ವ, ಬಿರ್ರನೆ ಓಗು. ನೀ ಮೆಟ್ಲು ಇಳಿದ್ಮೇಲೆ ಲೈಟು ಆಕ್ತೀನಿ."

ಆಕೆ ರಸ್ತೆ ದಾಟಿ ತಿರುಗಿ ನೋಡಿದಾಗ ಅಂಗಡಿ ಜಗ್ಗನೆ ಬೆಳಗಿತು. ಇವನಿಗೆ ಕಿಟಕಿಯಿಂದ ಬೈದಿದ್ದೆನಲ್ಲ ಎಂದು ಆಕೆಗೆ ನಾಚಿಕೆಯಾಯಿತು.

ಬಸ್ಸಿನಲ್ಲಿ ನಿಜವಾದ ಶಿವನಂಜಮ್ಮ ಸಿಕ್ಕಿದಳು. ಪುಟ್ಟಮಲ್ಲಮ್ಮ ಬಿರಿಯಾನಿ ಅಂಗಡಿಯಿಂದ ಇಳಿದದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. "ಕ್ಯಾನಲ್ಲಿ ಏನಕ್ಕ?"

"ಕೊಳೆ," ಎಂದಳು ಪುಟ್ಟಮಲ್ಲಮ್ಮ.

ನಿಜ ಹೇಳಿದರೆ ಯಾರು ನಂಬುತ್ತಾರೆ? ಮರುದಿನದ ಹೊತ್ತಿಗೆ ಪುಟ್ಟಮಲ್ಲಮ್ಮ ಹಾಲಿನ ಕ್ಯಾನಿನಲ್ಲಿ ಬಿರಿಯಾನಿ ತರಿಸಿಕೊಳ್ಳುತ್ತಾಳೆಂದು ಊರೆಲ್ಲ ಮಾತು. ಅಲ್ಲ ಎನ್ನಲು ಹೋದರೆ ಬಿರಿಯಾನಿ ಅಂಗಡಿಯ ಕೊಳೆ ತಂದು ನಡುಮನೆಯಲ್ಲಿ ಇಟ್ಟೆ ಎನ್ನಬೇಕು. ಎರಡರಲ್ಲಿ ಬಿರಿಯಾನಿಯೇ ವಾಸಿ ಎಂದು ಬಾಯಿ ಮುಚ್ಚಿಕೊಂಡಳು. ಬಸವಯ್ಯ ಮಾತ್ರ ಜಗಲಿಯಿಂದ, "ನಂಗೆ ಒಂದ್ ಪೀಸೂ ಕೊಡ್ಲಿಲ್ಲ ಕಣಪ್ಪ," ಎಂದು ಎಣ್ಣೆ ಹೊಯ್ದ.

ಕ್ಯಾನು ತಂದ ಸಂಜೆ ಆಕೆ ಕಾಲು ತೊಳೆಯದೆ ಮನೆಯೊಳಗೆ ಬಂದಳು. ಸ್ಪಂಜನ್ನು ಎರಡೂ ಕೈಯಲ್ಲಿ ಎತ್ತಿ ತೊಟ್ಟಿಗೆ ಇಳಿಸಿ ಗುಳ್ಳೆ ಏಳುವಂತೆ ಸಿಕ್ಕಿಸಿದ ಮೇಲೆಯೇ ಸ್ನಾನಕ್ಕೆ ಹೋದಳು. ಮುಂದಿನ ದಿನಗಳಲ್ಲಿ ಕಾಳು ನಿಲ್ಲಿಸಿದಳು. ದಿನಾ ಅರ್ಧ ನೀರು ಹೊರಗೆ, ಅರ್ಧ ನೀರು ಒಳಗೆ. ಬಾಣಂತಿ ಮನೆಯಲ್ಲಿ ಕೂಸಿಗೆ ನೀರು ಹದ ಮಾಡುವಂತೆ ಡ್ರಮ್ಮಿನ ನೀರಿಗೆ ಬಿಸಿನೀರು ಬೆರೆಸಿ ಮೊಣಕೈ ಅದ್ದಿ ನೋಡಿ ಹಾಕಿದಳು. ಸ್ಪಂಜಿನ ಪಕ್ಕ ಹಾಯುವಾಗ ಕೈ ತುರಿಸುತ್ತಿತ್ತು, ಹಿಂದಕ್ಕೆ ಕಟ್ಟಿಕೊಂಡು ಹಾಯುತ್ತಿದ್ದಳು. ನೀರು ತಿಳಿಯಾಯಿತು. ಮೊದಲು ಒಂದು ಮೀನು ಮೂಲೆ ಬಿಟ್ಟು ಬಂತು, ಆಮೇಲೆ ನಾಲ್ಕೂ ಬಂದವು. ಕಪ್ಪು ಇಳಿದು ಬಣ್ಣ ಕಂಡ ಬೆಳಿಗ್ಗೆ ಆಕೆ ತೊಟ್ಟಿಯ ಮುಂದೆ ಕೂತು ಅತ್ತಳು.

ಪದ್ಮಶ್ರೀ ಬಂದಳು. ಕೈಕಾಲು ತೊಳೆದು, ಒಲೆಯ ಬಳಿ ಬಿದ್ದಿದ್ದ ಮುಸುರೆ ತಟ್ಟೆಗಳನ್ನು ತೊಳೆದು ಬೋರಲು ಹಾಕಿ, ಆಮೇಲೆ ತೊಟ್ಟಿಯ ಮುಂದೆ ನಿಂತಳು. ನಾಲ್ಕು ಮೀನು ಎಣಿಸಿದಳು. ಮುರುಗೇಶನ ಕರಿ ಸ್ಪಂಜು ನೋಡಿದಳು. ಏನೂ ಹೇಳಲಿಲ್ಲ.

"ಶಿವನಂಜಮ್ಮನ ಮೀನಲ್ಲ ಕಣಮ್ಮಿ," ಎಂದಳು ಪುಟ್ಟಮಲ್ಲಮ್ಮ.

"ಗೊತ್ತು ಅತ್ತೆ. ಅವತ್ತೇ ಗೊತ್ತಿತ್ತು."

"ಪಣಕಳ್ಳಿ ಏನು ದೂರವಾ? ಯಾಕೆ ಬರ್ಲಿಲ್ಲ ಮತ್ತೆ?"

"ಬಂದಿದ್ರೆ ನಿಮ್ಮುನ್ನ ಬೈತಿದ್ನೇನೋ ಅಂತ ಬರ್ಲಿಲ್ಲ."

"ಬಯ್ಯಿ."

"ಬುಡಿ ಅತ್ತೆ."

"ಬಯ್ಯಿ ಅಂತೀನಲ್ಲ! ಒಂದು ಜೀವ ಕಳ್ದಿವ್ನಿ. ನೀನು ಬಾಯಿ ಮುಚ್ಕಂಡು ಒಳಕ್ಕೋದ್ರೆ ನಂಗೆ ಅನ್ನ ಇಳಿಯಾಕಿಲ್ಲ."

ಪದ್ಮಶ್ರೀ ಬಾಯಿ ತೆರೆದಳು. "ಮುಟ್ಬೇಡಿ ಅಂತ ಏಳಿದ್ನಲ್ಲ ಅತ್ತೆ," ಎಂದಳು ಮೆಲ್ಲಗೆ. "ಏಳಿದ್ದು ಯಾಕೆ ಕೇಳಲ್ಲ ನೀವು?" ಎಂದಳು ಇನ್ನಷ್ಟು ಗಟ್ಟಿಯಾಗಿ. ಆಮೇಲೆ ಮಾತು ಮೀನು ಬಿಟ್ಟು ಎಲ್ಲಿಗೋ ಹೊರಟಿತು. "ನಾ ತೊಳ್ದಿದ್ದು ತಟ್ಟೆ ಅಲ್ವಾ? ನಾ ಒಗ್ದಿದ್ದು ಬಟ್ಟೆ ಅಲ್ವಾ? ಮೂರು ವರ್ಷದಿಂದ ದಿನಾ ಎರಡ್ನೇ ಸಲ ಸದ್ದು ಕೇಳ್ತೀನಿ! ನನ್ ಕೈಲೇ ಕೊಳೆ ಅದೆ ಅನ್ನಂಗೆ!" ಅವಳ ಕಣ್ಣಲ್ಲಿ ನೀರು ಬಂತು. ಜಗಲಿಯಲ್ಲಿದ್ದ ಬಸವಯ್ಯ ಮೆಲ್ಲಗೆ ಎದ್ದು ಹೊಲದ ಕಡೆ ಹೋದ.

ಪುಟ್ಟಮಲ್ಲಮ್ಮ ಕಂಬಕ್ಕೆ ಒರಗಿ ಪೂರ್ತಿ ಕೇಳಿದಳು. ಆಕೆಗೆ ನಿಜವಾಗಿಯೂ ಅದು ಕೇಳಿಸುತ್ತದೆಂದು ಗೊತ್ತಿರಲಿಲ್ಲ. ಮೀನಿಗಾಗಿ ಬೈಸಿಕೊಳ್ಳಲು ಕೂತವಳಿಗೆ ತಟ್ಟೆಯ ಬೈಗುಳ ಹೆಚ್ಚು ತಾಗಿತು.

"ಮುಗೀತಾ?"

"ಮುಗೀತು." ಪದ್ಮಶ್ರೀ ಸೆರಗಿನಿಂದ ಮುಖ ಒರೆಸಿಕೊಂಡಳು. "ತಪ್ಪು ತಿಳ್ಕಬೇಡಿ."

"ತಪ್ಪು ನಂದು. ಬಾ, ಉಣ್ಣಾನ."

ಅಡುಗೆಮನೆಯಲ್ಲಿ ಪುಟ್ಟಮಲ್ಲಮ್ಮ ಬೋರಲು ಹಾಕಿದ್ದ ತಟ್ಟೆಯೊಂದನ್ನು ಎತ್ತಿಕೊಂಡಳು. ಅಂಚಿನಲ್ಲಿ ಒಣಗಿದ ಮುದ್ದೆಯ ಒಂದು ಚೂರು ಅಂಟಿತ್ತು. ಕೈ ತಾನಾಗಿ ನೀರಿನ ಕೊಳದಪ್ಪಲೆಯ ಕಡೆ ಹೋಯಿತು. ಸೊಸೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಪುಟ್ಟಮಲ್ಲಮ್ಮ ಕೈ ಹಿಂದಕ್ಕೆ ತೆಗೆದುಕೊಂಡಳು. ಆ ತಟ್ಟೆಯನ್ನು ತನ್ನ ಮುಂದಿಟ್ಟುಕೊಂಡು, ಅದರಲ್ಲೇ ಮುದ್ದೆ ಇಕ್ಕಿಸಿಕೊಂಡು, ಸಾರು ಹುಯ್ಯಿಸಿಕೊಂಡು ಉಂಡಳು.